ಊಟ ದೂರವಿಡುವ ಕಾಯಿಲೆಗೆ ಮಾತಿನ ಚಿಕಿತ್ಸೆ: ಫಲ ಕೊಟ್ಟಿತೇ ಎಂದು ಅಳೆಯುವುದು ಹೇಗೆ?

ಊಟ ಬಿಟ್ಟು ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಕಾಯಿಲೆ ಅನೊರೆಕ್ಸಿಯಾ ನರ್ವೋಸಾ. ಅದಕ್ಕೆ ಯಾವ ಮಾತಿನ ಚಿಕಿತ್ಸೆ ಒಳ್ಳೆಯದು? ಈ ಪ್ರಶ್ನೆಗೆ 2005ರಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನಗರದಿಂದ ಬಂದ ಉತ್ತರ, ಪ್ರಯೋಗ ಮಾಡಿದವರೇ ನಿರೀಕ್ಷಿಸಿರದಂಥದ್ದು. ವರ್ಜಿನಿಯಾ ಮ್ಯಾಕಿಂಟಾಶ್ ಮತ್ತು ಸಂಗಡಿಗರು 56 ಮಹಿಳೆಯರನ್ನು ಲಾಟರಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಿದ್ದರು. ಒಂದು ಗುಂಪಿಗೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ. ಎರಡನೆಯದಕ್ಕೆ ಸಂಬಂಧಗಳ ತೊಡಕುಗಳನ್ನು ಬಿಡಿಸುವ ಇಂಟರ್‌ಪರ್ಸನಲ್ ಥೆರಪಿ. ಮೂರನೆಯ ಗುಂಪಿಗೆ ಸಿಕ್ಕಿದ್ದು ಹೋಲಿಕೆಗೆಂದೇ ರೂಪಿಸಿದ, ಯಾವ ವಿಶೇಷ ತಂತ್ರವನ್ನೂ ಬಳಸದ ಆರೈಕೆ. ಮೂರಕ್ಕೂ ತಲಾ 20 ಸೆಷನ್. ಕೊನೆಯಲ್ಲಿ ಲೆಕ್ಕ ಹಾಕಿದಾಗ ಮುಂದಿದ್ದದ್ದು ಆ ಮೂರನೆಯ ಗುಂಪು. ಇಂಟರ್‌ಪರ್ಸನಲ್ ಥೆರಪಿಗಿಂತ ಅದು ಸ್ಪಷ್ಟವಾಗಿ ಮೇಲಿತ್ತು, ಸಿಬಿಟಿ ನಡುವೆ ನಿಂತಿತು. ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರನ್ನಷ್ಟೇ ಎಣಿಸಿದರೆ ಎರಡೂ ವಿಶೇಷ ಚಿಕಿತ್ಸೆಗಳನ್ನು ಅದು ಹಿಂದೆ ಹಾಕಿತ್ತು.

ಹೋಲಿಕೆಗೆ ಇಟ್ಟದ್ದೇ ಮುಂದೆ ಸ್ವತಂತ್ರ ಚಿಕಿತ್ಸೆಯಾಯಿತು. ಇಂದು ಅದನ್ನು ಎಸ್‌ಎಸ್‌ಸಿಎಂ ಎನ್ನುತ್ತಾರೆ, ಅಂದರೆ ತಜ್ಞರು ಕೊಡುವ ಆಸರೆಯ ಚಿಕಿತ್ಸಾ ನಿರ್ವಹಣೆ. ಬ್ರಿಟನ್‌ನ ನೈಸ್ ಸಂಸ್ಥೆ 2017ರ ಮೇ ತಿಂಗಳಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವಯಸ್ಕರ ಅನೊರೆಕ್ಸಿಯಾಕ್ಕೆ ಮೊದಲು ಪರಿಗಣಿಸಬೇಕಾದ ಮೂರು ಮಾತಿನ ಚಿಕಿತ್ಸೆಗಳಲ್ಲಿ ಅದೂ ಒಂದು. ಆದರೆ ಕ್ರೈಸ್ಟ್‌ಚರ್ಚ್ ಪ್ರಯೋಗದ ಇನ್ನೆರಡು ಸಂಗತಿಗಳನ್ನು ಹೇಳದೆ ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಮೂರೂ ಗುಂಪು ಸೇರಿ ನೂರಕ್ಕೆ 70 ಮಂದಿ ಒಂದೋ ಚಿಕಿತ್ಸೆಯನ್ನು ನಡುವೆ ಬಿಟ್ಟಿದ್ದರು, ಇಲ್ಲವೇ ಅವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಮುಂದೆ ಸರಾಸರಿ 6.7 ವರ್ಷಗಳ ನಂತರ ಅವರಲ್ಲಿ 43 ಮಂದಿಯನ್ನು ಮತ್ತೆ ಪರೀಕ್ಷಿಸಿದಾಗ ಗುಂಪುಗಳ ನಡುವಿನ ವ್ಯತ್ಯಾಸ ಉಳಿದಿರಲಿಲ್ಲ.

ಒಂದೇ ಪ್ರಯೋಗ, ಯಾರನ್ನು ಎಣಿಸುತ್ತೇವೆ ಮತ್ತು ಯಾವಾಗ ಎಣಿಸುತ್ತೇವೆ ಎಂಬುದರ ಮೇಲೆ ಮೂರು ತೀರ್ಪು ಕೊಟ್ಟಿತು. ಈ ಕಾಯಿಲೆಯ ಚಿಕಿತ್ಸೆಯ ಬಗ್ಗೆ ಬರುವ ಯಾವ ‘ಯಶಸ್ಸಿನ ಪ್ರಮಾಣ’ವನ್ನೂ ಇದನ್ನು ನೆನಪಿಟ್ಟುಕೊಂಡೇ ಓದಬೇಕು. ಜೊತೆಗೆ ಇನ್ನೊಂದು ಮಾತು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಚಿಕಿತ್ಸೆಯ ಹೆಸರು ಏನು ಎಂಬುದಕ್ಕಿಂತ, ಬಾಗಿಲು ಹಾಕಿದ ಕೋಣೆಯಲ್ಲಿ ವಾರವಾರ ಏನು ನಡೆಯಿತು ಎಂಬುದನ್ನು ತಿಳಿಯಬೇಕು.

ಸೆಷನ್‌ನಲ್ಲಿ ನಡೆಯುವುದೇನು?

ಎಸ್‌ಎಸ್‌ಸಿಎಂ ಎಂಬ ಹೆಸರಿನಲ್ಲಿ ‘ಆಸರೆ’ ಎಂದಿರುವುದರಿಂದ ಅದು ಸಮಾಧಾನ ಹೇಳಿ ಕಳಿಸುವ ಕೌನ್ಸೆಲಿಂಗ್ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲ ಕೆಲವು ಭೇಟಿಗಳಲ್ಲಿ ರೋಗಿಯೊಂದಿಗೆ ಕೂತು ಗುರಿ ಲಕ್ಷಣಗಳ ಪಟ್ಟಿ ಮಾಡುತ್ತಾರೆ: ಬಿಡುವ ಊಟಗಳು, ದೂರವಿಟ್ಟ ಪದಾರ್ಥಗಳು, ಅತಿಯಾದ ವ್ಯಾಯಾಮ, ವಾಂತಿ, ನಿಂತುಹೋದ ಮುಟ್ಟು, ತಲೆಸುತ್ತು, ಚಳಿ ತಡೆಯಲಾಗದಿರುವುದು. ತಲುಪಬೇಕಾದ ತೂಕದ ವ್ಯಾಪ್ತಿಯೊಂದನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಪ್ರತಿ ಸೆಷನ್ನಿನಲ್ಲೂ ತೂಕ ನೋಡುವುದು, ಆ ಪಟ್ಟಿಯ ಪ್ರತಿ ಲಕ್ಷಣವನ್ನೂ ವಿಚಾರಿಸುವುದು, ಹೋದ ವಾರದ ಊಟ ಹೇಗಿತ್ತು, ಬರುವ ವಾರ ಏನನ್ನು ಸೇರಿಸಬಹುದು ಎಂದು ನಿರ್ದಿಷ್ಟವಾಗಿ ಮಾತಾಡುವುದು ತಪ್ಪದೆ ನಡೆಯುತ್ತದೆ. ದೇಹ ಹಸಿದಾಗ ಏನಾಗುತ್ತದೆ ಎಂಬ ತಿಳಿವಳಿಕೆಯನ್ನೂ ಕೊಡುತ್ತಾರೆ. ಉಳಿದ ಹೊತ್ತು ರೋಗಿ ತರುವ ವಿಷಯಕ್ಕೆ: ಪರೀಕ್ಷೆ, ಕೆಲಸ, ಅಮ್ಮನ ಜೊತೆಗಿನ ಮನಸ್ತಾಪ, ಒಂಟಿತನ, ಏನಾದರೂ ಆಗಬಹುದು. ಸಿಬಿಟಿಯಲ್ಲಿರುವಂತೆ ಯೋಚನೆಗಳನ್ನು ಬರೆದಿಟ್ಟು ಪ್ರಶ್ನಿಸುವ ಅಭ್ಯಾಸ ಇದರಲ್ಲಿಲ್ಲ. ಆದರೆ ಕೊಡುವವರು ಈ ಕಾಯಿಲೆಯನ್ನು ಚೆನ್ನಾಗಿ ಬಲ್ಲವರಾಗಿರಲೇಬೇಕು.

ನೈಸ್ ಹೆಸರಿಸಿದ ಎರಡನೆಯದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಪರಂಪರೆಯಲ್ಲಿ ಉಲ್ರಿಕ್ ಶ್ಮಿಟ್, ಜಾನೆಟ್ ಟ್ರೆಷರ್ ಮೊದಲಾದವರು ಕಟ್ಟಿದ ಮ್ಯಾಂಟ್ರಾ. ಕಾಯಿಲೆ ಬಿಟ್ಟುಹೋಗದಂತೆ ಹಿಡಿದಿಡುವ ನಾಲ್ಕು ಅಂಶಗಳಿವೆ ಎನ್ನುವುದು ಅದರ ತಳಹದಿ. ಬಗ್ಗದ, ಸಣ್ಣ ವಿವರಕ್ಕೇ ಅಂಟಿಕೊಳ್ಳುವ ಯೋಚನಾಕ್ರಮ ಒಂದು. ಭಾವನೆಗಳನ್ನು ದೂರವಿಡುವುದು, ಬೇರೆಯವರ ಭಾವನೆ ಓದಲು ಕಷ್ಟಪಡುವುದು ಇನ್ನೊಂದು. ‘ಈ ಕಾಯಿಲೆ ನನ್ನನ್ನು ಕಾಪಾಡುತ್ತಿದೆ, ನನಗೊಂದು ಗುರುತು ಕೊಟ್ಟಿದೆ’ ಎಂಬ ನಂಬಿಕೆ ಮೂರನೆಯದು. ಮನೆಯವರು ಅತಿಯಾಗಿ ಬೈಯುವುದು, ಅತಿಯಾಗಿ ಹೆದರುವುದು ಅಥವಾ ಕಾಯಿಲೆ ಕೇಳಿದಂತೆಲ್ಲ ಅಡುಗೆಮನೆಯನ್ನು ಬದಲಿಸುವುದು ನಾಲ್ಕನೆಯದು. ವರ್ಕ್‌ಬುಕ್ ಇರುತ್ತದೆ, ಅದರಲ್ಲಿ ಯಾರಿಗೆ ಯಾವ ಅಧ್ಯಾಯ ಬೇಕೋ ಅದನ್ನು ಆರಿಸಿಕೊಳ್ಳಬಹುದು. ಅನೊರೆಕ್ಸಿಯಾವನ್ನು ಗೆಳತಿ ಎಂದುಕೊಂಡು ಒಂದು ಪತ್ರ, ಶತ್ರು ಎಂದುಕೊಂಡು ಇನ್ನೊಂದು ಪತ್ರ ಬರೆಸುತ್ತಾರೆ. ಥೆರಪಿಸ್ಟ್ ಕೂಡ ತಾನು ಅರ್ಥಮಾಡಿಕೊಂಡದ್ದನ್ನು ರೋಗಿಗೆ ಪತ್ರವಾಗಿ ಬರೆದುಕೊಡುತ್ತಾರೆ. ಸೆಷನ್ ಸಾಮಾನ್ಯವಾಗಿ 20, ಮೊದಲ 10 ವಾರಕ್ಕೊಂದರಂತೆ. ತೊಡಕು ಹೆಚ್ಚಿದ್ದರೆ ಇನ್ನೂ 10ರವರೆಗೆ ಸೇರಿಸಬಹುದು.

ಮೂರನೆಯದು ಸಿಬಿಟಿ, ಅದರ ಹೆಸರಾಂತ ರೂಪ ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಬೆಳೆಸಿದ ಸಿಬಿಟಿ-ಇ. ತೂಕ ಕಡಿಮೆಯಿರುವವರಿಗೆ 40 ವಾರಗಳಲ್ಲಿ 40 ಸೆಷನ್‌ಗಳವರೆಗೆ, ಆರಂಭದಲ್ಲಿ ವಾರಕ್ಕೆರಡು. ತಿಂದದ್ದನ್ನು ತಿಂದ ಹೊತ್ತಿನಲ್ಲೇ ಬರೆದಿಡುವುದು, ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಥೆರಪಿಸ್ಟ್ ಜೊತೆಯಲ್ಲೇ ತೂಕ ನೋಡಿ ಗ್ರಾಫ್ ಬರೆಯುವುದು ಮೊದಲ ಮೆಟ್ಟಿಲು. ನನ್ನ ಬೆಲೆಯೆಲ್ಲ ನನ್ನ ತೂಕ, ಆಕಾರದಲ್ಲೇ ಇದೆ ಎಂಬ ಮನೋಭಾವವನ್ನು ಸಡಿಲಿಸುವುದು ಮುಂದಿನ ಕೆಲಸ.

ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ತೂಕ ನೋಡುವುದು, ಊಟದ ಬಗ್ಗೆ ನೇರ ಮಾತು, ದೇಹದ ಮೇಲೆ ವೈದ್ಯರ ಕಣ್ಣು, ಬೈಯದ ಆದರೆ ಬಿಟ್ಟುಕೊಡದ ಥೆರಪಿಸ್ಟ್ ಮೂರರಲ್ಲೂ ಇವೆ. ಹಾಗಾಗಿ ಒಂದನ್ನು ಇನ್ನೊಂದರೊಡನೆ ಹೋಲಿಸುವ ಪ್ರಯೋಗ ಅಳೆಯುವುದು ಇಡೀ ಚಿಕಿತ್ಸೆಯನ್ನಲ್ಲ, ಹಂಚಿಕೊಂಡ ತಳದ ಮೇಲೆ ಕಟ್ಟಿದ ಮೇಲ್ಭಾಗವನ್ನು ಮಾತ್ರ.

‘ವ್ಯತ್ಯಾಸ ಕಾಣಲಿಲ್ಲ’ ಎಂಬುದರ ಅರ್ಥ

ಕ್ರೈಸ್ಟ್‌ಚರ್ಚ್ ನಂತರದ ದೊಡ್ಡ ಪ್ರಯೋಗಗಳು ಇದನ್ನೇ ತೋರಿಸಿದವು. 2014ರಲ್ಲಿ ಪ್ರಕಟವಾದ ಜರ್ಮನಿಯ ಆಂಟಾಪ್ ಪ್ರಯೋಗದಲ್ಲಿ 242 ಮಹಿಳೆಯರಿದ್ದರು. ಒಳಮನಸ್ಸಿನ ತೊಳಲಾಟವನ್ನು ಶೋಧಿಸುವ ಮನೋಚಲನಾತ್ಮಕ ಚಿಕಿತ್ಸೆ, ಸಿಬಿಟಿ-ಇ ಮತ್ತು ಸುಧಾರಿಸಿದ ಮಾಮೂಲಿ ಚಿಕಿತ್ಸೆ ಎಂಬ ಮೂರು ಗುಂಪು. 10 ತಿಂಗಳ ಚಿಕಿತ್ಸೆ ಮುಗಿದಾಗ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಏರಿಕೆ ಕ್ರಮವಾಗಿ 0.73, 0.93 ಮತ್ತು 0.69. 160 ಸೆಂಟಿಮೀಟರ್ ಎತ್ತರದವರಿಗೆ ಬಿಎಂಐನ ಒಂದು ಅಂಕ ಎಂದರೆ ಸುಮಾರು ಎರಡೂವರೆ ಕಿಲೋ. ಅಂದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಏರಿದ ಗುಂಪುಗಳ ನಡುವಿನ ಅಂತರ ಮುಕ್ಕಾಲು ಕಿಲೋವನ್ನೂ ಮುಟ್ಟುವುದಿಲ್ಲ. ಚಿಕಿತ್ಸೆ ಮುಗಿದು ಒಂದು ವರ್ಷವಾದ ಮೇಲೆ ಏರಿಕೆ 1.64, 1.30, 1.22. ಎಲ್ಲ ಗುಂಪಿನವರೂ ಚಿಕಿತ್ಸೆ ಮುಗಿದ ನಂತರವೂ ಸುಧಾರಿಸುತ್ತಲೇ ಹೋದರು, ಹಿಂದಿದ್ದ ಗುಂಪು ಮುಂದೆ ಬಂತು. ಆದರೂ ಸರಾಸರಿಗಳ ನಡುವೆ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಇರಲಿಲ್ಲ.

ಇಲ್ಲಿ ‘ಮಾಮೂಲಿ ಚಿಕಿತ್ಸೆ’ ಎಂದಿರುವುದನ್ನು ನಮ್ಮ ಮಾಮೂಲಿಯೊಂದಿಗೆ ಬೆರೆಸಬಾರದು. ಜರ್ಮನಿಯಲ್ಲಿ ಮನಶ್ಚಿಕಿತ್ಸೆಯ ಖರ್ಚನ್ನು ಸಾರ್ವಜನಿಕ ಆರೋಗ್ಯ ವಿಮೆಯೇ ಭರಿಸುತ್ತದೆ. ಆ ಗುಂಪಿನವರಿಗೆ ಥೆರಪಿಸ್ಟನ್ನು ಹುಡುಕಿಕೊಳ್ಳಲು ನೆರವು ಸಿಕ್ಕಿತ್ತು, ಕುಟುಂಬ ವೈದ್ಯರು ನಿಯಮಿತವಾಗಿ ಪರೀಕ್ಷಿಸುತ್ತಿದ್ದರು. ಅಷ್ಟು ಗಟ್ಟಿಯಾದ ಹೋಲಿಕೆಯ ಎದುರು ಯಾವ ಹೊಸ ಚಿಕಿತ್ಸೆಯೂ ಸಣ್ಣದಾಗಿಯೇ ಕಾಣುತ್ತದೆ. ಏನೂ ಕೊಡದೆ ಸರದಿಯಲ್ಲಿ ಕಾಯಿಸಿದ ಗುಂಪಿನ ಎದುರು ನಿಲ್ಲಿಸಿದ್ದರೆ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಅನೊರೆಕ್ಸಿಯಾದಲ್ಲಿ ಹಾಗೆ ತಿಂಗಳುಗಟ್ಟಲೆ ಕಾಯಿಸುವುದು ಸರಿಯಲ್ಲ. 2011ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಈ ಕಾಯಿಲೆ ಇರುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಐದಾರು ಪಟ್ಟು ಹೆಚ್ಚು, ಆ ಸಾವುಗಳಲ್ಲಿ ಐದರಲ್ಲೊಂದು ಆತ್ಮಹತ್ಯೆ. ಹಾಗಾಗಿ ಹೋಲಿಕೆ ಸಾಮಾನ್ಯವಾಗಿ ಇನ್ನೊಂದು ಚಿಕಿತ್ಸೆಯೊಂದಿಗೇ ನಡೆಯುತ್ತದೆ, ಅಂತರ ಹೆಚ್ಚಾಗಿ ಕಿರಿದಾಗಿಯೇ ಬರುತ್ತದೆ.

ಮ್ಯಾಂಟ್ರಾ ಮತ್ತು ಎಸ್‌ಎಸ್‌ಸಿಎಂಗಳನ್ನು 142 ಮಂದಿಯಲ್ಲಿ ಹೋಲಿಸಿದ ಬ್ರಿಟನ್ನಿನ ಮೊಸಾಯಿಕ್ ಪ್ರಯೋಗ 2015ರಲ್ಲಿ ಹೊರಬಂತು. ಎರಡೂ ಗುಂಪಿನವರು ಸುಧಾರಿಸಿದರು, ಬಿಎಂಐನಲ್ಲಿ ಖಚಿತ ಅಂತರ ಕಾಣಲಿಲ್ಲ. ಆದರೆ ಮ್ಯಾಂಟ್ರಾ ಪಡೆದವರು ತಮ್ಮ ಚಿಕಿತ್ಸೆ ಹೆಚ್ಚು ಒಪ್ಪುವಂಥದ್ದು, ನಂಬುವಂಥದ್ದು ಎಂದು ಅಂಕ ಕೊಟ್ಟರು. ಇದನ್ನು ನಾವು ಸಣ್ಣ ಸಂಗತಿ ಎಂದು ತಳ್ಳಿಹಾಕುವುದಿಲ್ಲ, ಏಕೆಂದರೆ ಬಿಟ್ಟುಹೋಗುವುದೇ ದೊಡ್ಡ ಸಮಸ್ಯೆಯಾಗಿರುವ ಕಾಯಿಲೆಯಲ್ಲಿ ಜನ ಒಪ್ಪಿ ಬರುವ ಚಿಕಿತ್ಸೆಗೆ ಬೆಲೆ ಇದೆ. ಅದೇ ವೇಳೆ, ಈ ಪ್ರಯೋಗ ನಡೆಸಿದವರಲ್ಲಿ ಮ್ಯಾಂಟ್ರಾ ಕಟ್ಟಿದವರೇ ಇದ್ದರು ಎಂಬುದನ್ನೂ ಗಮನಿಸಬೇಕು. ತಾನು ರೂಪಿಸಿದ ಚಿಕಿತ್ಸೆಯನ್ನು ತಾನೇ ಪರೀಕ್ಷಿಸುವಾಗ ಎಷ್ಟೇ ಪ್ರಾಮಾಣಿಕರಾದರೂ ತರಬೇತಿಯಲ್ಲಿ, ಉತ್ಸಾಹದಲ್ಲಿ ತಕ್ಕಡಿ ಸ್ವಲ್ಪ ವಾಲಬಹುದು. ಅದಕ್ಕೇ ಬೇರೆ ಊರಿನ, ಬೇರೆ ತಂಡದ ಪ್ರಯೋಗ ಬೇಕಾಗುತ್ತದೆ.

ಬೇರೆ ಊರಿನದೊಂದು 2017ರಲ್ಲಿ ಆಸ್ಟ್ರೇಲಿಯಾದಿಂದ ಬಂತು, ಆದರೆ ಅದರ ಲೇಖಕರಲ್ಲೂ ಈ ಚಿಕಿತ್ಸೆಗಳನ್ನು ಕಟ್ಟಿದವರಿದ್ದರು. ಸ್ವಾನ್ ಎಂಬ ಈ ಪ್ರಯೋಗದಲ್ಲಿ 120 ಮಂದಿಗೆ ಸಿಬಿಟಿ-ಇ, ಮ್ಯಾಂಟ್ರಾ, ಎಸ್‌ಎಸ್‌ಸಿಎಂಗಳನ್ನು 10 ತಿಂಗಳಲ್ಲಿ 25ರಿಂದ 40 ಸೆಷನ್ ಕೊಟ್ಟರು. ಮೂರರ ನಡುವೆ ಅಂತರ ಸಿಗಲಿಲ್ಲ. ಚಿಕಿತ್ಸೆ ಮುಗಿದು ಒಂದು ವರ್ಷವಾದಾಗ ಒಟ್ಟಾರೆ ಶೇ 50 ಮಂದಿ ಆರೋಗ್ಯಕರ ತೂಕ ಮುಟ್ಟಿದ್ದರು, ಪೂರ್ತಿ ಗುಣ ಎನ್ನುವ ಮಟ್ಟ ತಲುಪಿದವರು ಶೇ 28.3.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಎರಡು ಗುಂಪುಗಳ ನಡುವಿನ ಮಧ್ಯಮ ಗಾತ್ರದ ವ್ಯತ್ಯಾಸವನ್ನು, ಅಂದರೆ ಅರ್ಧ ಮಾನಕ ವಿಚಲನೆಯಷ್ಟನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯೇ ಮಾನಕ ವಿಚಲನೆ), ಐದಕ್ಕೆ ನಾಲ್ಕು ಸಲ ಹಿಡಿಯಬೇಕಾದರೆ ಪ್ರತಿ ಗುಂಪಿನಲ್ಲಿ ಸುಮಾರು 64 ಮಂದಿ ಬೇಕು. 0.3ರಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಪ್ರತಿ ಗುಂಪಿಗೆ ಸುಮಾರು 175 ಬೇಕು. 120 ಮಂದಿಯನ್ನು ಮೂರಾಗಿ ಹಂಚಿದರೆ ಗುಂಪಿಗೆ 40. ಅವರಲ್ಲೂ ಕೊನೆವರೆಗೆ ಉಳಿಯುವವರು ಇನ್ನೂ ಕಡಿಮೆ. ಹಾಗಾಗಿ ಇಂಥ ಪ್ರಯೋಗದಲ್ಲಿ ‘ವ್ಯತ್ಯಾಸ ಕಾಣಲಿಲ್ಲ’ ಎಂದರೆ ‘ಮೂರೂ ಸಮ’ ಎಂದು ಸಾಬೀತಾದಂತಲ್ಲ. ಸಮ ಎಂದು ತೋರಿಸಲು ಬೇರೆಯದೇ ವಿನ್ಯಾಸ ಬೇಕು: ಎಷ್ಟು ಅಂತರವಿದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಕಿಲ್ಲ ಎಂದು ಮೊದಲೇ ಬರೆದಿಟ್ಟು, ಅದಕ್ಕೆ ತಕ್ಕಷ್ಟು ಜನರನ್ನು ಸೇರಿಸಬೇಕು. ಅಪರೂಪದ, ಚಿಕಿತ್ಸೆಗೆ ಬರಲು ಹಿಂಜರಿಯುವ ಕಾಯಿಲೆಯಲ್ಲಿ ಅಷ್ಟು ಜನರನ್ನು ಸೇರಿಸುವುದು ಒಂದೆರಡು ಆಸ್ಪತ್ರೆಗಳಿಂದ ಆಗುವ ಕೆಲಸವಲ್ಲ.

ಬಿಟ್ಟುಹೋದವರ ಲೆಕ್ಕ

ಸ್ವಾನ್ ಪ್ರಯೋಗದಲ್ಲಿ ಚಿಕಿತ್ಸೆ ಪೂರ್ತಿ ಮಾಡಿದವರು ಶೇ 60. ಒಂದು ವರ್ಷದ ನಂತರದ ಪರೀಕ್ಷೆಗೆ ಸಿಕ್ಕವರು ಶೇ 52.5. ಆಂಟಾಪ್‌ನಲ್ಲಿ ಅದೇ ಹಂತದಲ್ಲಿ ಶೇ 30ರಷ್ಟು ಮಂದಿ ಕೈತಪ್ಪಿದ್ದರು. 2013ರಲ್ಲಿ ಪ್ರಕಟವಾದ, ಬ್ರಿಟನ್ ಮತ್ತು ಇಟಲಿಯಲ್ಲಿ 99 ವಯಸ್ಕರಿಗೆ ಸಿಬಿಟಿ-ಇ ಕೊಟ್ಟ ಅಧ್ಯಯನದಲ್ಲಿ ಮುಗಿಸಿದವರು ಶೇ 64. ಮುಗಿಸಿದವರ ತೂಕ ಚೆನ್ನಾಗಿ ಏರಿತ್ತು, ಆದರೆ ಆ ಅಧ್ಯಯನದಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ.

ಬಿಟ್ಟುಹೋಗುವವರು ಎಲ್ಲರಂತಿರುವುದಿಲ್ಲ. ತೂಕ ಏರತೊಡಗಿದೊಡನೆ ಹೆದರಿ ಬಿಡುವವರಿದ್ದಾರೆ. ತೀರಾ ಕೃಶರಾಗಿ ಆಸ್ಪತ್ರೆ ಸೇರಿದ್ದರಿಂದ ಪ್ರಯೋಗದಿಂದ ಹೊರಬಿದ್ದವರಿದ್ದಾರೆ. ಕೆಲವರು ಸುಧಾರಿಸಿ, ಇನ್ನು ಬೇಡ ಎಂದು ಹೋಗುತ್ತಾರೆ. ಉಳಿದವರ ಸರಾಸರಿಯನ್ನಷ್ಟೇ ಹೇಳಿದರೆ ಚಿಕಿತ್ಸೆಯ ಫಲವೂ ಉಳಿದವರ ಗುಣವೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಉದಾಹರಣೆಗೆ ಒಂದು ಕಲ್ಪಿತ ಲೆಕ್ಕ: 100 ಮಂದಿ ಶುರುಮಾಡಿ, 60 ಮಂದಿ ಮುಗಿಸಿ, ಅವರಲ್ಲಿ 30 ಮಂದಿ ಗುಣವಾದರು ಎನ್ನೋಣ. ಮುಗಿಸಿದವರ ಲೆಕ್ಕದಲ್ಲಿ ಶೇ 50 ಯಶಸ್ಸು, ಶುರುಮಾಡಿದವರ ಲೆಕ್ಕದಲ್ಲಿ ಶೇ 30. ಕೋಣೆಗೆ ಮೊದಲ ದಿನ ಕಾಲಿಡುವ ಹುಡುಗಿಯ ಮನೆಯವರಿಗೆ ಬೇಕಾದದ್ದು ಎರಡನೆಯ ಅಂಕಿ. ಲಾಟರಿಯಲ್ಲಿ ಯಾವ ಗುಂಪಿಗೆ ಬಿದ್ದರೋ ಆ ಗುಂಪಿನ ಲೆಕ್ಕದಲ್ಲೇ, ಬಿಟ್ಟುಹೋದವರನ್ನೂ ಸೇರಿಸಿ ವಿಶ್ಲೇಷಿಸಬೇಕೆಂಬ ನಿಯಮ ಇರುವುದು ಇದಕ್ಕೇ.

ಕಾಣೆಯಾದ ಅಂಕಿಗಳನ್ನು ತುಂಬುವ ವಿಧಾನವೂ ಮುಖ್ಯ. ಕೊನೆಯ ಸಲ ನೋಡಿದ ತೂಕವೇ ಮುಂದೆಯೂ ಉಳಿಯಿತು ಎಂದು ತುಂಬುವ ಹಳೆಯ ಪದ್ಧತಿ ಈ ಕಾಯಿಲೆಯಲ್ಲಿ ಅಪಾಯಕಾರಿ, ಏಕೆಂದರೆ ಬಿಟ್ಟುಹೋದ ಮೇಲೆ ತೂಕ ನಿಂತಲ್ಲೇ ನಿಲ್ಲುವುದು ಕಡಿಮೆ. ಒಳ್ಳೆಯ ತಂಡಗಳು ಚಿಕಿತ್ಸೆ ಬಿಟ್ಟವರನ್ನೂ ಪರೀಕ್ಷೆಗೆ ಮಾತ್ರ ಬನ್ನಿ ಎಂದು ಕರೆಯುತ್ತವೆ, ಬರಲಾಗದಿದ್ದರೆ ಹತ್ತಿರದ ವೈದ್ಯರಲ್ಲಿ ತೂಕ ನೋಡಿಸಿ ತರಿಸಿಕೊಳ್ಳುತ್ತವೆ. ಚಿಕಿತ್ಸೆ ಬಿಡುವುದು ಬೇರೆ, ಪ್ರಯೋಗ ಬಿಡುವುದು ಬೇರೆ. ವರದಿಯಲ್ಲಿ ಎರಡನ್ನೂ ಪ್ರತ್ಯೇಕವಾಗಿ ಕೊಟ್ಟಿದ್ದಾರೆಯೇ ಎಂದು ನೋಡಿದರೆ ತಂಡದ ಶಿಸ್ತು ತಿಳಿದುಬಿಡುತ್ತದೆ.

ತೂಕವೋ, ಮನಸ್ಸೋ?

ಸ್ವಾನ್‌ನ ಎರಡು ಅಂಕಿಗಳ ನಡುವಿನ ಕಂದಕವನ್ನು ಇನ್ನೊಮ್ಮೆ ನೋಡಿ: ತೂಕದಲ್ಲಿ ಶೇ 50, ಪೂರ್ತಿ ಗುಣದಲ್ಲಿ ಶೇ 28.3. ತೂಕ ಬಂದರೂ ಭಯ ಹೋಗದವರು ಅಷ್ಟೊಂದು ಜನ. ಭಯವನ್ನು ಅಳೆಯಲು ಹೆಚ್ಚಾಗಿ ಬಳಸುವುದು ಇಡಿಇ-ಕ್ಯೂ ಎಂಬ 28 ಪ್ರಶ್ನೆಗಳ ಪಟ್ಟಿ. ಹಿಂದಿನ 28 ದಿನಗಳ ಬಗ್ಗೆ ಕೇಳುತ್ತದೆ, ಅಂಕ 0ಯಿಂದ 6. ಊಟದ ನಿರ್ಬಂಧ, ಊಟದ ಚಿಂತೆ, ಆಕಾರದ ಚಿಂತೆ, ತೂಕದ ಚಿಂತೆ ಎಂಬ ನಾಲ್ಕು ಭಾಗ. ಇದರ ಜೊತೆಗೆ ಕಾಯಿಲೆಯಿಂದ ಓದು, ಕೆಲಸ, ಗೆಳೆತನ ಎಷ್ಟು ಕೆಟ್ಟಿವೆ ಎಂದು ಕೇಳುವ ಸಿಐಎ ಎಂಬ 16 ಪ್ರಶ್ನೆಗಳ ಇನ್ನೊಂದು ಪಟ್ಟಿಯೂ ಇದೆ.

ಮನಸ್ಸನ್ನು ಅಳೆಯುವಾಗ ಒಂದು ತೊಡಕು ಬರುತ್ತದೆ. ಹಸಿವೇ ಮನಸ್ಸನ್ನು ಬದಲಿಸುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ನಡೆಸಿದ ಅಧ್ಯಯನದಲ್ಲಿ 36 ಆರೋಗ್ಯವಂತ ಗಂಡಸರು ಸ್ವಯಂಪ್ರೇರಿತರಾಗಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಲ್ಲೂ ಊಟದ್ದೇ ಧ್ಯಾನ, ತಿನ್ನುವಾಗ ವಿಚಿತ್ರ ಆಚರಣೆಗಳು, ಸಿಡುಕು, ಜನರಿಂದ ದೂರ ಸರಿಯುವುದು ಕಾಣಿಸಿಕೊಂಡವು. ಊಟ ಮರಳಿದ ಮೇಲೂ ಕೆಲವು ತಿಂಗಳುಗಟ್ಟಲೆ ಉಳಿದವು. ಅಂದರೆ ಪ್ರಶ್ನಾವಳಿಯ ಅಂಕ ಇಳಿದಾಗ ಅದಕ್ಕೆ ಕಾರಣ ಮಾತೋ, ಅನ್ನವೋ ಎಂದು ಬಿಡಿಸುವುದು ಸುಲಭವಲ್ಲ. ತೂಕ ಮತ್ತು ಅಂಕಗಳನ್ನು ನಡುವೆ ನಾಲ್ಕೈದು ಸಲ ಅಳೆದು, ಯಾವುದು ಮೊದಲು ಬದಲಾಯಿತು ಎಂದು ನೋಡುವ ಪ್ರಯೋಗಗಳಿಗೆ ಮಾತ್ರ ಈ ಬಗ್ಗೆ ಏನಾದರೂ ಹೇಳುವ ಅಧಿಕಾರವಿದೆ. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಳೆದರೆ ಸಾಲದು.

ತೂಕದ ಅಂಕಿಗೂ ಶಿಸ್ತು ಬೇಕು. ಒಂದೇ ಯಂತ್ರ, ದಿನದ ಒಂದೇ ಹೊತ್ತು, ತೆಳು ಬಟ್ಟೆ, ಚಪ್ಪಲಿಯಿಲ್ಲದೆ, ಮೂತ್ರಕ್ಕೆ ಹೋಗಿ ಬಂದ ಮೇಲೆ. ಅಳೆಯುವವರಿಗೆ ಆಕೆ ಯಾವ ಗುಂಪಿನವಳು ಎಂದು ಗೊತ್ತಿರಬಾರದು. ಮಾತಿನ ಚಿಕಿತ್ಸೆಯಲ್ಲಿ ರೋಗಿಗೂ ಥೆರಪಿಸ್ಟಿಗೂ ಗುಂಪನ್ನು ಮುಚ್ಚಿಡಲು ಆಗುವುದಿಲ್ಲ, ಅಳೆಯುವವರಿಗಾದರೂ ಮುಚ್ಚಿಡಬಹುದು.

ಹದಿಹರೆಯದವರ ವಿಷಯ ಬೇರೆ

ವಯಸ್ಕರಲ್ಲಿ ಚಿಕಿತ್ಸೆಗಳ ನಡುವೆ ಅಂತರ ಸಿಗದಿದ್ದರೂ ಮಕ್ಕಳಲ್ಲಿ ಸಿಕ್ಕಿದೆ. 2010ರಲ್ಲಿ ಜೇಮ್ಸ್ ಲಾಕ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್, ಶಿಕಾಗೊಗಳಲ್ಲಿ 121 ಹದಿಹರೆಯದವರ ಮೇಲೆ ನಡೆಸಿದ ಪ್ರಯೋಗದಲ್ಲಿ ಎಫ್‌ಬಿಟಿ, ಅಂದರೆ ಕುಟುಂಬವನ್ನೇ ಚಿಕಿತ್ಸೆಯ ಕೇಂದ್ರಕ್ಕೆ ತರುವ ವಿಧಾನವನ್ನು, ಹುಡುಗ ಹುಡುಗಿಯರೊಂದಿಗೆ ಒಬ್ಬೊಬ್ಬರಾಗಿ ನಡೆಸುವ ಮಾತಿನ ಚಿಕಿತ್ಸೆಯೊಂದಿಗೆ ಹೋಲಿಸಿದರು. ಒಂದು ವರ್ಷದ ಚಿಕಿತ್ಸೆ ಮುಗಿದ ದಿನ ಪೂರ್ತಿ ಗುಣದ ಲೆಕ್ಕದಲ್ಲಿ ಖಚಿತ ಅಂತರ ಇರಲಿಲ್ಲ. ಇನ್ನೊಂದು ವರ್ಷ ಕಳೆದಾಗ ಎಫ್‌ಬಿಟಿಯಲ್ಲಿ ಶೇ 49, ಇನ್ನೊಂದರಲ್ಲಿ ಶೇ 23. ಕ್ರೈಸ್ಟ್‌ಚರ್ಚ್‌ನಲ್ಲಿ ಕಾಲ ಅಂತರವನ್ನು ಅಳಿಸಿತ್ತು, ಇಲ್ಲಿ ಕಾಲವೇ ಅದನ್ನು ತೋರಿಸಿತು. ಚಿಕಿತ್ಸೆ ಮುಗಿದ ದಿನದ ಫಲಿತಾಂಶವನ್ನಷ್ಟೇ ಹೇಳುವ ವರದಿಯನ್ನು ನಾವು ನಂಬಿ ನಡೆಯಲಾರೆವು.

ಎಫ್‌ಬಿಟಿಯ ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕು ಎಂಬ ನಿರ್ಧಾರ ಪೂರ್ತಿಯಾಗಿ ತಂದೆ ತಾಯಿಯದು. ತೂಕ ಬಂದಂತೆ ಅದನ್ನು ಮೆಲ್ಲಮೆಲ್ಲನೆ ಮಗುವಿಗೆ ಮರಳಿಸುತ್ತಾರೆ. ಕಾಯಿಲೆ ತಂದದ್ದು ತಂದೆ ತಾಯಿ ಎಂಬ ಆರೋಪಕ್ಕೆ ಇಲ್ಲಿ ಜಾಗವಿಲ್ಲ. ನಮ್ಮ ಮನೆಗಳಲ್ಲಿ ಇದು ಎಡವುವುದು ಒಂದು ನಿರ್ದಿಷ್ಟ ಜಾಗದಲ್ಲಿ: ತಟ್ಟೆಗೆ ಬಡಿಸುವವರು ಒಬ್ಬರೇ ಆಗಿರುವುದಿಲ್ಲ. ಅಮ್ಮ ಎರಡು ಚಪಾತಿ ಹಾಕಿದ್ದನ್ನು ಅಜ್ಜಿ ‘ಪಾಪ, ಸೇರಲ್ಲ ಅಂತಾಳೆ, ಒಂದು ಸಾಕು ಬಿಡು’ ಎಂದು ತೆಗೆದರೆ ಆ ವಾರದ ಕೆಲಸ ಕೆಟ್ಟಿತು. ಅಡುಗೆಮನೆಯಲ್ಲಿ ಮಾತು ನಡೆಯುವವರೆಲ್ಲ ಮೊದಲ ಭೇಟಿಗಳಿಗೆ ಬರಬೇಕು.

ನಮ್ಮಲ್ಲಿ ಅಳೆಯಹೊರಟರೆ

ಈ ಕಾಯಿಲೆ ನಮ್ಮಲ್ಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದವರಲ್ಲಿ ಮೂರನೇ ಎರಡರಷ್ಟು ಮಂದಿ ಇಂಥ ರೋಗಿಗಳನ್ನು ನೋಡಿದ್ದರು. ಆದರೆ ಕಾಯಿಲೆಯ ಮುಖ ಬೇರೆಯಾಗಿರಬಹುದು. 1993ರಲ್ಲಿ ಹಾಂಗ್‌ಕಾಂಗ್‌ನ ಸಿಂಗ್ ಲೀ ಪರೀಕ್ಷಿಸಿದ 70 ಮಂದಿಯಲ್ಲಿ 41 ಮಂದಿಗೆ ದಪ್ಪವಾಗುವ ಭಯವೇ ಇರಲಿಲ್ಲ. ಹೊಟ್ಟೆಯುಬ್ಬರ, ಹಸಿವಿಲ್ಲ, ಸೇರುವುದಿಲ್ಲ ಎಂಬ ಕಾರಣಗಳನ್ನು ಅಂಥವರು ಹೇಳುತ್ತಿದ್ದರು. ದೆಹಲಿಯ ಖಂಡೇಲ್‌ವಾಲ್ ಮತ್ತು ಸಂಗಡಿಗರು 1995ರಲ್ಲಿ ವಿವರಿಸಿದ ಐವರು ಯುವತಿಯರು ಊಟ ನಿರಾಕರಿಸುತ್ತಿದ್ದರು, ವಾಂತಿ ಇತ್ತು, ತೂಕ ಇಳಿದಿತ್ತು, ಮುಟ್ಟು ನಿಂತಿತ್ತು. ದೇಹದ ಆಕಾರದ ಬಗೆಗಿನ ತಪ್ಪು ಗ್ರಹಿಕೆ ಮಾತ್ರ ಕಂಡಿರಲಿಲ್ಲ. 2013ರಲ್ಲಿ ಅಮೆರಿಕದ ಡಿಎಸ್‌ಎಂ-5 ವರ್ಗೀಕರಣದಲ್ಲಿ ಸೇರಿದ ಆರ್ಫಿಡ್ ಎಂಬ ಕಾಯಿಲೆಯಲ್ಲೂ ಊಟದ ನಿರ್ಬಂಧವಿದೆ, ಆಕಾರದ ಚಿಂತೆ ಇಲ್ಲ. ಅದಕ್ಕೆ ಅನೊರೆಕ್ಸಿಯಾದ ಪ್ರಯೋಗಗಳ ಫಲಿತಾಂಶವನ್ನು ಹಾಗೆಯೇ ಅನ್ವಯಿಸಬಾರದು.

ಇದರಿಂದ ಅಳತೆಯಲ್ಲಿ ಏನಾಗುತ್ತದೆ ಎಂದು ನೋಡಿ. ದಪ್ಪವಾಗುವ ಭಯವಿಲ್ಲದ ಹುಡುಗಿಗೆ ಇಡಿಇ-ಕ್ಯೂ ಕೊಟ್ಟರೆ ಆಕಾರ, ತೂಕದ ಭಾಗಗಳಲ್ಲಿ ಮೊದಲ ದಿನವೇ ಕಡಿಮೆ ಅಂಕ ಬರುತ್ತದೆ. ಆ ಅಂಕ ನೋಡಿದರೆ ಆಕೆ ಚಿಕಿತ್ಸೆಗೆ ಮುಂಚೆಯೇ ಗುಣವಾದವಳಂತೆ ಕಾಣುತ್ತಾಳೆ, ಚಿಕಿತ್ಸೆಯಿಂದ ಏನೂ ಬದಲಾಗಿಲ್ಲ ಎಂದು ಕೊನೆಯಲ್ಲಿ ಬರೆದಿಡುತ್ತಾರೆ. ಅದೇ ಪಟ್ಟಿಯ ಇನ್ನೊಂದು ಪ್ರಶ್ನೆ: ಆಕಾರ ಅಥವಾ ತೂಕದ ಮೇಲೆ ಪರಿಣಾಮ ಬೀರಲೆಂದು, ಎಚ್ಚರವಿದ್ದ 8 ಗಂಟೆ ಅಥವಾ ಹೆಚ್ಚು ಹೊತ್ತು ಏನೂ ತಿನ್ನದೆ ಇದ್ದಿರಾ? ಸೋಮವಾರ, ಶನಿವಾರ ಒಪ್ಪೊತ್ತು, ನಡುವೆ ಏಕಾದಶಿ, ಸಂಕಷ್ಟಿ ಎಂದು ವಾರದಲ್ಲಿ ಮೂರು ದಿನ ಊಟ ಬಿಡುವವಳು ‘ಇಲ್ಲ’ ಎನ್ನುತ್ತಾಳೆ, ಏಕೆಂದರೆ ಕಾರಣ ತೂಕವಲ್ಲ, ವ್ರತ. ಉಪವಾಸ ಮಾಡುವುದು ಕಾಯಿಲೆಯಲ್ಲ. ಆದರೆ ಮನೆಯಲ್ಲಿ ಉಳಿದ ಯಾರೂ ಮಾಡದಷ್ಟು ಉಪವಾಸ, ಮರುದಿನ ಪಾರಣೆಯಲ್ಲೂ ಕೈತಡೆ, ಉಪವಾಸ ಹೆಚ್ಚಿದಂತೆ ತೂಕ ಇಳಿತ, ಇವು ಮೂರೂ ಸೇರಿದರೆ ವಿಚಾರಿಸಬೇಕು. ಹಾಗಾಗಿ ಇಲ್ಲಿನ ಅಳತೆಯಲ್ಲಿ ಊಟ ಬಿಟ್ಟ ಹೊತ್ತುಗಳನ್ನು ಕಾರಣ ಕೇಳದೆ ಮೊದಲು ಎಣಿಸಬೇಕು, ಕಾರಣವನ್ನು ಆಮೇಲೆ ಬೇರೆಯಾಗಿ ಬರೆದುಕೊಳ್ಳಬೇಕು.

ರೋಗಿಗಳು ಮನೋವೈದ್ಯರ ಬಳಿಗೆ ನೇರವಾಗಿ ಬರುವುದೂ ಕಡಿಮೆ. ಗ್ಯಾಸ್ಟ್ರಿಕ್ ಎಂದು ಹೊಟ್ಟೆಯ ವೈದ್ಯರಲ್ಲಿ, ಮುಟ್ಟು ನಿಂತಿದೆ ಎಂದು ಸ್ತ್ರೀರೋಗ ತಜ್ಞರಲ್ಲಿ, ತೂಕ ಇಳಿದಿದೆ ಎಂದು ಕ್ಷಯದ ಪರೀಕ್ಷೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಆ ಪರೀಕ್ಷೆಗಳು ಬೇಕಾದವೇ. ಆದರೆ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನು ಬರೆದುಕೊಳ್ಳದ ಅಧ್ಯಯನ, ಆರು ತಿಂಗಳ ರೋಗಿಯನ್ನೂ ಆರು ವರ್ಷದ ರೋಗಿಯನ್ನೂ ಒಂದೇ ಸಾಲಿಗೆ ಸೇರಿಸಿ ಸರಾಸರಿ ತೆಗೆಯುತ್ತದೆ. ಇನ್ನು ತೂಕ ಏರತೊಡಗಿದಾಗ ನೆಂಟರು ಪ್ರೀತಿಯಿಂದ ಹೇಳುವ ‘ಈಗ ಮೈಕೈ ತುಂಬಿಕೊಂಡು ಚೆನ್ನಾಗಿ ಕಾಣ್ತೀಯ’ ಎಂಬ ಮಾತು ಎಷ್ಟೋ ಸಲ ಮತ್ತೆ ಊಟ ಬಿಡಿಸುತ್ತದೆ. ಮದುವೆ, ಹಬ್ಬಗಳಿಗೆ ಮುಂಚಿನ ಸೆಷನ್ನಿನಲ್ಲಿ ಇದಕ್ಕೆ ಸಿದ್ಧತೆ ಬೇಕು.

ಕರ್ನಾಟಕದಲ್ಲಿ ಎಸ್‌ಎಸ್‌ಸಿಎಂ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ದಪ್ಪ ವರ್ಕ್‌ಬುಕ್ ಬೇಡ, ಆಕಾರದ ಭಯವನ್ನೇ ಕೇಂದ್ರವಾಗಿಟ್ಟುಕೊಂಡಿಲ್ಲ, ಗುರಿ ಲಕ್ಷಣಗಳ ಪಟ್ಟಿಯನ್ನು ರೋಗಿಯ ಮಾತಿನಲ್ಲೇ ಮಾಡಬಹುದು. ಆದರೆ ಅದು ಹೊಂದುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಬೇಕು, ಸೆಷನ್‌ಗಳ ಧ್ವನಿಮುದ್ರಣವನ್ನು ಹೊರಗಿನವರು ಕೇಳಿ ‘ತೂಕ ನೋಡಿದರೇ, ಊಟದ ಮಾತಾಯಿತೇ’ ಎಂದು ಗುರುತು ಹಾಕಬೇಕು. ತೂಕವನ್ನೂ ಊಟವನ್ನೂ ಮುಟ್ಟದೆ ನಡೆಯುವ ಸಾಮಾನ್ಯ ಕೌನ್ಸೆಲಿಂಗ್‌ಗೆ ಕ್ರೈಸ್ಟ್‌ಚರ್ಚ್‌ನ ಆಧಾರ ಸಲ್ಲುವುದಿಲ್ಲ. ಮನೆಯವರು ಕ್ಲಿನಿಕ್‌ಗೆ ಹೋದಾಗ ಇದನ್ನೇ ಕೇಳಬಹುದು: ಪ್ರತಿ ಸಲ ತೂಕ ನೋಡುತ್ತೀರಾ, ಅದನ್ನು ಯಾರು ನೋಡುತ್ತಾರೆ? ರಕ್ತಪರೀಕ್ಷೆ, ಇಸಿಜಿ ಯಾರ ಹೊಣೆ? ಎಷ್ಟು ಸೆಷನ್, ಯಾವ ವಾರ ಕೂತು ಪ್ರಗತಿ ನೋಡುತ್ತೀರಿ? ತೂಕ ಇಳಿಯುತ್ತಲೇ ಹೋದರೆ ಮುಂದೇನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಬರಹದಲ್ಲಿರಬೇಕು, ಪ್ರಯೋಗದಲ್ಲೂ ಹಾಗೆಯೇ. ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿಯುವುದು, ಎಚ್ಚರ ತಪ್ಪುವುದು, ಕುಕ್ಕರುಗಾಲಿನಲ್ಲಿ ಕೂತವರು ಕೈಯೂರದೆ ಏಳಲಾಗದಿರುವುದು, ರಕ್ತದಲ್ಲಿ ಪೊಟ್ಯಾಸಿಯಂ ಅಥವಾ ಫಾಸ್ಫೇಟ್ ಇಳಿಯುವುದು, ಸಾಯುವ ಮಾತಾಡುವುದು, ಇವು ಕಂಡರೆ ಮಾತಿನ ಚಿಕಿತ್ಸೆ ಪಕ್ಕಕ್ಕಿಟ್ಟು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹಳ ದಿನ ತೀರಾ ಕಡಿಮೆ ತಿಂದವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆ ತುಂಬ ಊಟ ಬಲವಂತದಿಂದ ಹಾಕಬಾರದು. ಮೊದಲ ದಿನಗಳಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು, ಆದ್ದರಿಂದ ಊಟ ಹೆಚ್ಚಿಸುವುದು, ಥಯಾಮಿನ್ (ಬಿ1 ವಿಟಮಿನ್) ಕೊಡುವುದು, ರಕ್ತಪರೀಕ್ಷೆ ಎಲ್ಲವೂ ವೈದ್ಯರ ಕಣ್ಣೆದುರಿಗೆ ನಡೆಯಬೇಕು. ಎಲ್ಲಿ ತೋರಿಸಬೇಕೆಂದು ತಿಳಿಯದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.